160 ಹುಣಸೆ ಬೀಜ: ಮಗಳನ್ನು ಕರೆದುಕೊಂಡು ಬರ್ಲಿನ್‌ಗೆ ಓದಲು ಹೋದ ತಾಯಿಯ ಪ್ರಕರಣ

ನನ್ನ ತಂಗಿ ಬರ್ಲಿನ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಇದನ್ನು ಬರೆಯುವಾಗ, 2025ರ ನವೆಂಬರ್‌ನಲ್ಲಿ, ಮೂರನೇ ಸೆಮಿಸ್ಟರ್ ನಡೆಯುತ್ತಿದೆ. ಅವಳಿಗೆ 34 ವರ್ಷ. ಜೊತೆಗೆ ಆರು ವರ್ಷದ ಮಗಳು. ಗಂಡ ಬೆಂಗಳೂರಿನಲ್ಲಿ. ಅಮ್ಮ ಮತ್ತು ನಾನು ಶಿವಮೊಗ್ಗದಲ್ಲಿ.

"ನಿಮ್ಮ ತಂಗೀದು ಭಾರೀ ಧೈರ್ಯ ಕಣ್ರೀ" ಅಂತ ಊರಲ್ಲಿ ಸಿಕ್ಕವರೆಲ್ಲ ಹೇಳುತ್ತಾರೆ. ಎರಡೂವರೆ ವರ್ಷ ಇದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದವಳು ನಾನು. ಧೈರ್ಯ ಅವಳಿಗೆ ಮೊದಲಿಂದಲೂ ಇತ್ತು. ಅಷ್ಟೇ ಸಾಕಾಗಿದ್ದರೆ 2023ರಲ್ಲೇ ಹೊರಟುಬಿಡುತ್ತಿದ್ದಳು. ಅವಳನ್ನು ತಡೆದದ್ದು, ಆಮೇಲೆ ದಾಟಿಸಿದ್ದು ಬೇರೆ ಥರದ ವಿಷಯಗಳು. ಬಾಡಿಗೆ ರೂಮು ಎಷ್ಟು ಚದರ ಮೀಟರ್ ಇದೆ, ಸಂಜೆ ನಾಲ್ಕಕ್ಕೆ ಮಗುವನ್ನು ಯಾರು ಕರೆದುಕೊಂಡು ಬರುತ್ತಾರೆ, ಅಜ್ಜಿಗೆ ಎಷ್ಟು ದಿನದ ವೀಸಾ ಸಿಗುತ್ತದೆ, ಇಂಥವು. ಇದನ್ನು ಬರೆಯಲಾ ಅಂತ ಕೇಳಿದೆ. "ಹೆಸರು ಬೇಡ ಅಕ್ಕಾ. ಲೆಕ್ಕ ಮಾತ್ರ ಪೂರ್ತಿ ಬರಿ, ಯಾರಿಗಾದರೂ ಉಪಯೋಗ ಆಗುತ್ತೆ" ಅಂದಳು.

ಹಿನ್ನೆಲೆ

ತಂಗಿ ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ವಿಟಿಯು, 2012ನೇ ಬ್ಯಾಚ್, ಶೇ. 72. ಆಮೇಲೆ ಬೆಂಗಳೂರಿನಲ್ಲಿ ಕೆಲಸ. ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ ಇರುತ್ತವಲ್ಲ, ಕೊಳಚೆ ನೀರನ್ನು ಶುದ್ಧ ಮಾಡುವ ಘಟಕಗಳು, ಅವುಗಳ ಡಿಸೈನ್ ಮಾಡುತ್ತಿದ್ದಳು. ಕೆಲಸ ಅವಳಿಗೆ ತುಂಬಾ ಇಷ್ಟ. ಮದುವೆ ಮನೆಗೆ ಹೋದರೂ ಅಲ್ಲಿಯ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಬರುವಷ್ಟು.

2019ರ ಜೂನ್‌ನಲ್ಲಿ ಮಗು ಹುಟ್ಟಿತು. ಹೆರಿಗೆಗೆ ತವರಿಗೇ ಬಂದಿದ್ದಳು. 26 ವಾರಗಳ ರಜೆ ಮುಗಿಸಿ ಡಿಸೆಂಬರ್ ಕೊನೆಗೆ ಆಫೀಸಿಗೆ ಹೋದಳು. ಮೂರೇ ತಿಂಗಳಿಗೆ ಲಾಕ್‌ಡೌನ್. ಮನೆಯಿಂದ ಕೆಲಸ, ತೊಡೆ ಮೇಲೆ ಮಗು. ಅದೆಲ್ಲ ಮುಗಿಯುವ ಹೊತ್ತಿಗೆ ಅವಳ ಕೈಕೆಳಗೆ ಕಲಿತ ಹುಡುಗರು ಅವಳಿಗೇ ಟೀಮ್ ಲೀಡ್ ಆಗಿದ್ದರು. ಯಾರೂ ಅವಮಾನ ಮಾಡಲಿಲ್ಲ. ಮುಖ್ಯ ಮೀಟಿಂಗುಗಳಿಗೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. "ಮಗು ಇದೆಯಲ್ಲ, ನಿಮಗೆ ಕಷ್ಟ ಆಗುತ್ತೆ" ಅನ್ನೋ ಕಾಳಜಿ. ಆ ಕಾಳಜಿಯಿಂದ ಹೊರಗೆ ಬರೋದಕ್ಕೇ ಅವಳು ಮಾಸ್ಟರ್ಸ್ ಯೋಚನೆ ಮಾಡಿದ್ದು ಅಂತ ನನಗೆ ಅನಿಸುತ್ತದೆ.

ಮೊದಲ ಪ್ಲಾನ್ ಮುರಿದದ್ದು

ಮೊದಲು ನೋಡಿದ್ದು ಬ್ರಿಟನ್. ಒಂದೇ ವರ್ಷದ ಕೋರ್ಸ್, ಭಾಷೆ ಇಂಗ್ಲಿಷ್, ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಮಾಡುವ ಅವಕಾಶ. ಗಂಡ, ಮಗು ಇಬ್ಬರನ್ನೂ ಡಿಪೆಂಡೆಂಟ್ ವೀಸಾದಲ್ಲಿ ಕರೆದುಕೊಂಡು ಹೋಗಬಹುದಿತ್ತು. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ 40 ಸಾವಿರ ಕಟ್ಟಿದಳು. 2024ರ ಜನವರಿಗೆ ಶುರುವಾಗುವ ಕೋರ್ಸಿಗೆ ಸೀಟೂ ಸಿಕ್ಕಿತು.

ಮೇ 23ಕ್ಕೆ ಬ್ರಿಟನ್ ಸರ್ಕಾರ ಹೊಸ ನಿಯಮ ಘೋಷಿಸಿತು. 2024ರ ಜನವರಿ 1ರಿಂದ ಶುರುವಾಗುವ ಕೋರ್ಸುಗಳಿಗೆ ಸೇರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ಹಾಗಿಲ್ಲ. ಪಿಎಚ್‌.ಡಿ. ಮತ್ತು ಸಂಶೋಧನೆಯೇ ಮುಖ್ಯವಾದ ಕೋರ್ಸುಗಳಿಗೆ ವಿನಾಯಿತಿ. ತಂಗಿಯದು ಪಾಠ ಕೇಳಿ ಪರೀಕ್ಷೆ ಬರೆಯುವ ಮಾಮೂಲಿ ಮಾಸ್ಟರ್ಸ್. ಕನ್ಸಲ್ಟೆನ್ಸಿಗೆ ಫೋನ್ ಮಾಡಿದರೆ "ಒಂದು ವರ್ಷ ತಾನೇ ಮೇಡಂ, ಆಮೇಲೆ ಕರೆಸಿಕೊಳ್ಳಿ" ಅಂದರು.

ಈ ಮಾತು ಸರಿಯಿರಲಿಲ್ಲ. ತಂಗಿ ತಾನೇ ಕೂತು ನಿಯಮ ಓದಿದಳು. ಓದು ಮುಗಿದ ಮೇಲೆ ಸಿಗುವ ಆ ಎರಡು ವರ್ಷದ ವೀಸಾದಲ್ಲೂ ಹೊಸದಾಗಿ ಮಗುವನ್ನು ಕರೆಸಿಕೊಳ್ಳಲು ಆಗುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಡಿಪೆಂಡೆಂಟ್ ಆಗಿ ಬಂದಿದ್ದವರಿಗಷ್ಟೇ ಅದು ಮುಂದುವರಿಯುತ್ತದೆ. ಅಂದರೆ ಕಂಪನಿಯೊಂದು ಸ್ಪಾನ್ಸರ್ ಮಾಡಿ ಕೆಲಸದ ವೀಸಾ ಸಿಗುವವರೆಗೂ ಮಗು ಊರಲ್ಲೇ. ಅದು ಒಂದು ವರ್ಷವೋ, ಮೂರು ವರ್ಷವೋ! ಆ ರಾತ್ರಿ ನನಗೆ ಫೋನ್ ಮಾಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ನಾನು ದೇಶ ನೋಡಿದೆ, ಕೋರ್ಸ್ ನೋಡಿದೆ. ಮಗುವಿಗೆ ಅಲ್ಲಿ ಜಾಗ ಇದೆಯಾ ಅಂತ ಕೊನೆಗೆ ನೋಡಿದೆ. ಉಲ್ಟಾ ಮಾಡಿಬಿಟ್ಟೆ."

ಸೀಟು ಬಿಟ್ಟಳು. ಕನ್ಸಲ್ಟೆನ್ಸಿಗೆ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಜರ್ಮನಿ ಯಾಕೆ

ಈ ಸಲ ಮಗುವಿನಿಂದ ಶುರು ಮಾಡಿದಳು. ವಿದ್ಯಾರ್ಥಿಯ ಮಗುವಿಗೆ ಯಾವ ದೇಶದಲ್ಲಿ ವೀಸಾ ಇದೆ? ಶಿಶುವಿಹಾರಕ್ಕೆ ಎಷ್ಟು ಖರ್ಚು? ಹಾಗೆ ಹುಡುಕುತ್ತಾ ಹೋಗಿ ನಿಂತದ್ದು ಬರ್ಲಿನ್‌ನಲ್ಲಿ. ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕು 2013ರ ಆಗಸ್ಟ್‌ನಿಂದ ಇದೆ. ಅಲ್ಲಿ ಅದಕ್ಕೆ ಕೀಟಾ ಅನ್ನುತ್ತಾರೆ. ಬರ್ಲಿನ್‌ನಲ್ಲಂತೂ 2018ರಿಂದ ಕೀಟಾಗೆ ಶುಲ್ಕವೇ ಇಲ್ಲ. ಮಧ್ಯಾಹ್ನದ ಊಟಕ್ಕೆ ತಿಂಗಳಿಗೆ 23 ಯೂರೋ ಕೊಡಬೇಕು, ಅಷ್ಟೇ. ಬೆಂಗಳೂರಿನಲ್ಲಿ ಅವಳು ಮಗಳ ಎಲ್‌ಕೆಜಿಗೆ ಕಟ್ಟಿದ್ದು 95 ಸಾವಿರ ರೂಪಾಯಿ.

ಬಿ.ಇ. ಮುಂದುವರಿಕೆಯಾಗಿ ಮಾಡುವ ಮಾಸ್ಟರ್ಸ್‌ಗೆ ಬರ್ಲಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೂ ಇಲ್ಲ. 2024ರಲ್ಲಿ ಸೆಮಿಸ್ಟರಿಗೆ ಸುಮಾರು 300 ಯೂರೋ ಕಟ್ಟಿದರೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತಿತ್ತು. ಇಡೀ ಜರ್ಮನಿ ಹೀಗೇ ಅಂತ ತಿಳಿಯಬೇಡಿ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಯುರೋಪಿನ ಹೊರಗಿನವರಿಂದ ಶುಲ್ಕ ತೆಗೆದುಕೊಳ್ಳುತ್ತದೆ.

ಅಂಕದ ಲೆಕ್ಕ ಅಲ್ಲಿ ತಲೆಕೆಳಗು. 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ನಮ್ಮ ಶೇಕಡಾವಾರನ್ನು ಅದಕ್ಕೆ ಬದಲಾಯಿಸಲು ಒಂದು ಸೂತ್ರ ಇದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಬೇಕು. ಬಂದದ್ದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಬೇಕು. ಪಾಸ್ ಅಂಕ 40 ಅಂತ ಹಿಡಿದರೆ ತಂಗಿಯ 72 ಅಂಕ 2.4 ಆಯಿತು. ಎಷ್ಟೋ ಕೋರ್ಸುಗಳು 2.5 ಅಥವಾ ಅದಕ್ಕಿಂತ ಚೆನ್ನಾಗಿರಬೇಕು ಅನ್ನುತ್ತವೆ. ಕೂದಲೆಳೆಯಲ್ಲಿ ಒಳಗೆ ಬಂದಳು.

ಇನ್ನು ಎಪಿಎಸ್ ಪ್ರಮಾಣಪತ್ರ. ನಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ಪರಿಶೀಲಿಸಿ ಕೊಡುವ ಪತ್ರ ಅದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ. ಅದಕ್ಕೆ 18 ಸಾವಿರ ರೂಪಾಯಿ. ಅರ್ಜಿಗಳನ್ನು ಯೂನಿ-ಅಸಿಸ್ಟ್ ಮೂಲಕ ಹಾಕಿದಳು, ಅಲ್ಲಿಯ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ಅದು. ಮೊದಲನೆಯದಕ್ಕೆ 75 ಯೂರೋ, ಮುಂದಿನ ಒಂದೊಂದಕ್ಕೂ 30. ಇದರ ನಡುವೆ ಶನಿವಾರ, ಭಾನುವಾರ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿದಳು. 2024ರ ಜೂನ್‌ನಲ್ಲಿ ಸೀಟು ಸಿಕ್ಕಿತು.

ಹಣ

ವೀಸಾಗೆ ಮೊದಲು ಒಂದು ವರ್ಷದ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಅವಳು ಅರ್ಜಿ ಹಾಕಿದ ಜುಲೈನಲ್ಲಿ ಅದು 11,208 ಯೂರೋ, ಸುಮಾರು 10 ಲಕ್ಷ ರೂಪಾಯಿ. ಸೆಪ್ಟೆಂಬರ್‌ನಿಂದ 11,904ಕ್ಕೆ ಏರಿತು. ಇಟ್ಟ ಹಣ ಒಟ್ಟಿಗೆ ಕೈಗೆ ಬರುವುದಿಲ್ಲ. ಅವಳಿಗೆ ತಿಂಗಳಿಗೆ 934 ಯೂರೋದಂತೆ ಬಿಡುಗಡೆ ಆಗುತ್ತಿತ್ತು. ಎಫ್‌ಡಿ ಮುರಿದು, ಒಡವೆ ಅಡ ಇಟ್ಟು ಹೊಂದಿಸಿದರು. ಆಗ ವಿದೇಶಕ್ಕೆ ಓದಿಗೆ ಕಳಿಸುವ ಹಣ 7 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ ಶೇ. 5 ತೆರಿಗೆ ಮುಂಗಡವಾಗಿ ಹಿಡಿಯುತ್ತಿದ್ದರು. ಬ್ಯಾಂಕಿನ ಶಿಕ್ಷಣ ಸಾಲವಾಗಿದ್ದರೆ ಶೇ. 0.5 ಮಾತ್ರ. ಒಡವೆ ಸಾಲಕ್ಕೆ ಆ ರಿಯಾಯಿತಿ ಇಲ್ಲ. ಹಾಗಾಗಿ 15 ಸಾವಿರದಷ್ಟು ಹಿಡಿದರು. ಐಟಿ ರಿಟರ್ನ್ಸ್‌ನಲ್ಲಿ ಅದು ವಾಪಸ್ ಬರುತ್ತದೆ, ಆದರೆ ಅದೇ ಹಣ ಬೇಕಾಗಿದ್ದ ತಿಂಗಳಲ್ಲಿ ಕೈಯಲ್ಲಿ ಇರಲಿಲ್ಲ.

ಒಂದು ವಿಷಯ ಮಾತ್ರ ನಮಗೆ ಯಾರಿಗೂ ಹೊಳೆದಿರಲಿಲ್ಲ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯಲ್ಲಿ ವಿದ್ಯಾರ್ಥಿಗಳಿಗೆ ಇರುವ ಕಡಿಮೆ ದರ 30 ವರ್ಷದವರೆಗೆ ಮಾತ್ರ. ಮಕ್ಕಳಾದ ಮೇಲೆ ಓದಲು ಹೋಗುವವರಲ್ಲಿ ಎಷ್ಟು ಜನ 30ರ ಒಳಗಿರುತ್ತಾರೆ ಹೇಳಿ? ಸರ್ಕಾರಿ ವಿಮೆ ಇದ್ದಿದ್ದರೆ ಮಗುವಿಗೂ ಅದರಲ್ಲೇ ಪುಕ್ಕಟೆಯಾಗಿ ರಕ್ಷಣೆ ಸಿಗುತ್ತಿತ್ತು. ತಂಗಿಗೆ ಆಗ 33. ಖಾಸಗಿ ವಿಮೆ ಮಾಡಿಸಬೇಕಾಯಿತು, ಆಮೇಲೆ ಮಗುವಿಗೆ ಬೇರೆ. ಇಬ್ಬರದೂ ಸೇರಿ ತಿಂಗಳಿಗೆ 200 ಯೂರೋ ದಾಟುತ್ತದೆ.

ಅಮ್ಮ ಇಲ್ಲದ ಏಳು ತಿಂಗಳು

ಮೊದಲು ತಾನೊಬ್ಬಳೇ ಹೋಗಿ, ಮನೆ ಹಿಡಿದು, ಆಮೇಲೆ ಮಗುವನ್ನು ಕರೆಸಿಕೊಳ್ಳೋದು ಅಂತ ತೀರ್ಮಾನ ಆಯಿತು. ಐದು ತಿಂಗಳು ಸಾಕು ಅಂತ ಲೆಕ್ಕ. ಮಗುವನ್ನು ಶಿವಮೊಗ್ಗಕ್ಕೆ, ಅಮ್ಮನ ಹತ್ತಿರ ಬಿಟ್ಟಳು. ಗಂಡ ಶುಕ್ರವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ರಾತ್ರಿ ವಾಪಸ್ ಹೋಗುತ್ತಿದ್ದರು. ಒಂದು ವಾರವೂ ತಪ್ಪಿಸಲಿಲ್ಲ.

2024ರ ಸೆಪ್ಟೆಂಬರ್ 26ರ ರಾತ್ರಿ ತಂಗಿ ಹೊರಟಳು. ಮಾರನೇ ದಿನ ಅಮ್ಮ ಎರಡು ಹಳೇ ಹಾರ್ಲಿಕ್ಸ್ ಬಾಟಲಿ ತೊಳೆದು ಒರೆಸಿದರು. ಒಂದರಲ್ಲಿ 160 ಹುಣಸೆ ಬೀಜ ಎಣಿಸಿ ಹಾಕಿದರು. ಇನ್ನೊಂದು ಖಾಲಿ. ದಿನಾ ಸಂಜೆ ದೇವರ ದೀಪ ಹಚ್ಚಿದ ಮೇಲೆ ಪುಟ್ಟಿ ಒಂದು ಬೀಜ ತೆಗೆದು ಖಾಲಿ ಬಾಟಲಿಗೆ ಹಾಕಬೇಕು. ಇಲ್ಲಿಂದು ಪೂರ್ತಿ ಅಲ್ಲಿಗೆ ಹೋದ ದಿನ ತನ್ನಮ್ಮನ ಹತ್ತಿರ ಹೋಗೋದು. ಮಗುವಿಗೆ ಅದು ಎಷ್ಟು ಹಿಡಿಸಿತು ಅಂದರೆ, ಒಂದು ದಿನ ಜ್ವರ ಬಂದು ಮಲಗಿದ್ದವಳು ರಾತ್ರಿ ಹತ್ತಕ್ಕೆ ಎದ್ದು "ಬೀಜ ಹಾಕಿಲ್ಲ" ಅಂತ ಅತ್ತಳು.

ಚಳಿಗಾಲದಲ್ಲಿ ಬರ್ಲಿನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ತಂಗಿ ಕ್ಲಾಸು ಮುಗಿಸಿ ಹೊರಗೆ ಬರುವಾಗ ಇಲ್ಲಿ ಪುಟ್ಟಿ ಮಲಗುವ ಹೊತ್ತು. ಹಾಗಾಗಿ ಊಟದ ಬಿಡುವಿನಲ್ಲಿ, ನಮ್ಮ ಸಂಜೆ ಐದಕ್ಕೆ, ವಿಡಿಯೊ ಕಾಲ್. ಮೊದಲ ತಿಂಗಳು ಪುಟ್ಟಿ ಓಡಿ ಬರುತ್ತಿದ್ದಳು. ದೀಪಾವಳಿ ಕಳೆದ ಮೇಲೆ "ಆಟ ಆಡ್ತಿದೀನಿ" ಅನ್ನೋಕೆ ಶುರು ಮಾಡಿದಳು. ಡಿಸೆಂಬರ್‌ನಲ್ಲಿ ಒಂದು ದಿನ ನಾನೇ ಫೋನ್ ಹಿಡಿದಿದ್ದೆ. ಪುಟ್ಟಿ ಬಂದಳು, ಪರದೆ ಮೇಲೆ ಅಮ್ಮನ ಮುಖ ನೋಡಿದಳು, ಏನೂ ಮಾತಾಡದೆ ನನ್ನ ಕೈಯಿಂದ ಫೋನ್ ತೆಗೆದು ಚಾಪೆ ಮೇಲೆ ಬೋರಲು ಇಟ್ಟು ಹೊರಟುಹೋದಳು. ಆ ಕಡೆ ತಂಗಿಗೆ ಬರೀ ಕತ್ತಲೆ ಕಂಡಿರಬೇಕು. "ಪುಟ್ಟಿ? ಪುಟ್ಟಿ?" ಅಂತ ಕರೆಯುತ್ತಲೇ ಇದ್ದಳು. ನನಗೆ ಹೊಟ್ಟೆ ಚುರ್ ಅಂತು.

ಅದೇ ಹೊತ್ತಿಗೆ ನೆಂಟರ ಮಾತು. "ಹೆತ್ತ ಮಗು ಬಿಟ್ಟು ಹೇಗೆ ಹೋದಳು?" ನಮ್ಮ ದೊಡ್ಡಪ್ಪನ ಮಗ ಮೂರು ತಿಂಗಳ ಕೂಸು ಬಿಟ್ಟು ಎರಡು ವರ್ಷ ಅಮೆರಿಕಕ್ಕೆ ಆನ್‌ಸೈಟ್ ಹೋಗಿದ್ದ. ಅವನನ್ನು ಯಾರೂ ಹೀಗೆ ಕೇಳಿದ್ದು ನನಗೆ ನೆನಪಿಲ್ಲ. ಬಂದಾಗ ಆರತಿ ಎತ್ತಿದ್ದೆವು, ನಾನೂ ಎತ್ತಿದ್ದೆ. ಹೋಗಲಿ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಬರ್ಲಿನ್‌ನಲ್ಲಿ ತೊಂದರೆ ಬೇರೆಯೇ ಆಗಿತ್ತು. ತಂಗಿ ಊರಿಂದಲೇ ಒಂದು ಹಾಸ್ಟೆಲ್ ರೂಮು ಗೊತ್ತು ಮಾಡಿಕೊಂಡಿದ್ದಳು. ಚೆನ್ನಾಗಿತ್ತು, ಅಗ್ಗವೂ ಆಗಿತ್ತು. 14 ಚದರ ಮೀಟರ್. ಮಗುವಿನ ವೀಸಾಗೆ ಕಾಗದ ಜೋಡಿಸುವಾಗ ಗೊತ್ತಾಯಿತು, ಕುಟುಂಬದವರನ್ನು ಕರೆಸಿಕೊಳ್ಳಲು ಸಾಕಷ್ಟು ದೊಡ್ಡ ಮನೆ ಇದೆ ಅಂತ ತೋರಿಸಬೇಕು. ಆರು ವರ್ಷ ಮೇಲ್ಪಟ್ಟ ಒಬ್ಬೊಬ್ಬರಿಗೂ 12 ಚದರ ಮೀಟರ್, ಅದಕ್ಕಿಂತ ಚಿಕ್ಕ ಮಕ್ಕಳಿಗೆ 10. ಇಬ್ಬರಿಗೆ 22 ಬೇಕು, ಜೂನ್‌ನಲ್ಲಿ ಆರು ತುಂಬಿದ ಮೇಲೆ 24. ಅವಳ ಹತ್ತಿರ ಇದ್ದದ್ದು 14.

ಮನೆ ಹುಡುಕಾಟ ಶುರುವಾಯಿತು. ಬರ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಅದರಲ್ಲೂ ಸಂಬಳ ಇಲ್ಲದ ವಿದ್ಯಾರ್ಥಿ, ಮೇಲೆ ಮಗು ಬೇರೆ. 70ಕ್ಕೂ ಹೆಚ್ಚು ಕಡೆ ಬರೆದಳು. ಒಂಬತ್ತು ಮನೆ ನೋಡಿದಳು. ಜನವರಿ ಕೊನೆಗೆ ಲಿಖ್ಟೆನ್‌ಬೆರ್ಗ್‌ನಲ್ಲಿ 27 ಚದರ ಮೀಟರ್‌ನ ಒಂದು ಕೋಣೆಯ ಮನೆ ಸಿಕ್ಕಿತು. ಹೀಟಿಂಗ್ ಸೇರಿ 680 ಯೂರೋ. ಆ ಕರಾರು ಪತ್ರ ಕೈಗೆ ಬಂದ ಮೇಲೆಯೇ, ಫೆಬ್ರುವರಿಯಲ್ಲಿ, ಮಗುವಿನ ವೀಸಾಗೆ ಅರ್ಜಿ ಹಾಕಲು ಆದದ್ದು.

ಅರ್ಜಿಗೆ ಅಪ್ಪನ ಲಿಖಿತ ಒಪ್ಪಿಗೆಯೂ ಬೇಕು. ಇಬ್ಬರಿಗೂ ಮಗುವಿನ ಮೇಲೆ ಸಮಾನ ಹಕ್ಕು ಇರುವಾಗ, ಒಬ್ಬರ ಜೊತೆ ಮಾತ್ರ ಮಗು ಅಲ್ಲಿ ಇರಬೇಕಾದರೆ ಇನ್ನೊಬ್ಬರು ಒಪ್ಪಬೇಕು ಅನ್ನುವುದು ಅಲ್ಲಿಯ ಕಾನೂನು. ನ್ಯಾಯವಾದದ್ದೇ. ತಂಗಿಯ ಗಂಡ ನಮ್ಮ ಮನೆ ಜಗಲಿಯಲ್ಲಿ ಕೂತು ಆ ಹಾಳೆಯನ್ನು ಮೂರು ಸಲ ಓದಿದರು. "ನನ್ನ ಮಗಳು ನನ್ನಿಂದ ದೂರ ಇರಲು ನನ್ನ ಅಭ್ಯಂತರ ಇಲ್ಲ ಅಂತ ಬರೆದಿದೆ, ಅಲ್ವಾ ಅತ್ತೆ?" ಅಂತ ಅಮ್ಮನನ್ನು ಕೇಳಿದರು. ಅಮ್ಮ ಏನೂ ಹೇಳಲಿಲ್ಲ. ಅವರು ಸಹಿ ಮಾಡಿ, ಪೆನ್ನಿಗೆ ಮುಚ್ಚಳ ಹಾಕಿ, ಪುಟ್ಟಿಯನ್ನು ಕರೆದುಕೊಂಡು ಐಸ್‌ಕ್ರೀಂ ಕೊಡಿಸೋಕೆ ಹೋದರು.

ಮಾರ್ಚ್ 5ಕ್ಕೆ ಹುಣಸೆ ಬೀಜ ಮುಗಿದವು. ವೀಸಾ ಬಂದಿರಲಿಲ್ಲ.

ಆ ಸಂಜೆ ಪುಟ್ಟಿ ಕೊನೆಯ ಬೀಜ ಹಾಕಿ, ತನ್ನ ಶಾಲೆ ಬ್ಯಾಗಿಗೆ ಫ್ರಾಕು, ಬಾಚಣಿಗೆ ತುಂಬಿಕೊಂಡು ಬಂದು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ನಿಂತಳು. ಅಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಇನ್ನೊಂದಿಷ್ಟು ಬೀಜ ಹಾಕೋಣ ಅಂತ ಅಡುಗೆಮನೆಗೆ ಹೋಗಿ, ಡಬ್ಬಿ ಮುಚ್ಚಳ ತೆಗೆದು, ಹಾಗೇ ನಿಂತುಬಿಟ್ಟರು. ಎಷ್ಟು ಅಂತ ಹಾಕೋದು? ನಮಗೆ ಯಾರಿಗೂ ಗೊತ್ತಿರಲಿಲ್ಲ. ಪುಟ್ಟಿ ಅಳಲಿಲ್ಲ. ಎರಡೂ ಬಾಟಲಿಯನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಅವಳ ಅಮ್ಮನ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದಳು. ಯುಗಾದಿ ಕಳೆಯಿತು. ಏಪ್ರಿಲ್ ಮಧ್ಯದಲ್ಲಿ ವೀಸಾ ಬಂತು.

ಇಡೀ ಪ್ರಕರಣದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ ಅಂತ ನಾನು ತಿಳಿದಿದ್ದೇನೆ. ಮನೆಯ ಅಳತೆಯ ನಿಯಮ ಹೋಗುವ ಮುಂಚೆಯೇ ಓದಿದ್ದರೆ ಮೊದಲೇ ದೊಡ್ಡ ಮನೆ ಹುಡುಕಬಹುದಿತ್ತು, ಎರಡು ತಿಂಗಳಾದರೂ ಉಳಿಯುತ್ತಿತ್ತು. ಅದಕ್ಕಿಂತ ಮುಖ್ಯ, ನಮ್ಮ ಕೈಯಲ್ಲಿ ಇಲ್ಲದ ತಾರೀಖನ್ನು ಐದು ವರ್ಷದ ಮಗುವಿಗೆ ಮಾತು ಕೊಟ್ಟೆವು.

ಅಜ್ಜಿಯ 90 ದಿನ

ಏಪ್ರಿಲ್ 24ಕ್ಕೆ ಅಮ್ಮ ಮತ್ತು ಪುಟ್ಟಿ ಬರ್ಲಿನ್ ತಲುಪಿದರು. ಅಮ್ಮನದು ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಷೆಂಗೆನ್ ಪ್ರವಾಸಿ ವೀಸಾ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಶುಲ್ಕ 90 ಯೂರೋ, ಜೊತೆಗೆ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ. ಬಾಣಂತನ ಮುಗಿಸಿ ನಿಟ್ಟುಸಿರು ಬಿಟ್ಟಿದ್ದ 63 ವರ್ಷದ ಹೆಂಗಸು, ಮೊದಲ ಸಲ ವಿಮಾನ ಹತ್ತಿ, ಭಾಷೆ ಗೊತ್ತಿಲ್ಲದ ಊರಲ್ಲಿ ಮೂರು ತಿಂಗಳು ಒಂದೇ ಕೋಣೆಯಲ್ಲಿ ಇದ್ದು ಬಂದರು. ಈ ಡಿಗ್ರಿಯಲ್ಲಿ ಅವರದೂ ಪಾಲಿದೆ.

ವಿಮಾನ ನಿಲ್ದಾಣದಲ್ಲಿ ಪುಟ್ಟಿ ತನ್ನಮ್ಮನ ಹತ್ತಿರ ಹೋಗಲಿಲ್ಲ. ಅಜ್ಜಿ ಸೆರಗಿನ ಹಿಂದೆ ನಿಂತಳು. ಮೊದಲ ಎರಡು ವಾರ ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ಅಜ್ಜಿಯೇ ಬೇಕು. ತಂಗಿ ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಮಲಗಿ ಅವಳ ಪಾಡಿಗೆ ಕಥೆ ಹೇಳುತ್ತಿದ್ದಳಂತೆ, ಕೇಳಿದರೆ ಕೇಳಲಿ ಅಂತ.

ಕೀಟಾ ಸೇರಲು ಮೊದಲು ಮಕ್ಕಳ ಇಲಾಖೆಯಿಂದ ಗುಟ್‌ಶೈನ್ ಅನ್ನುವ ಚೀಟಿ ಪಡೆಯಬೇಕು. ಆಮೇಲೆ ಜಾಗ ಇರುವ ಕೀಟಾವನ್ನು ನಾವೇ ಹುಡುಕಬೇಕು. ಹಕ್ಕು ಕಾಗದದ ಮೇಲೆ ಇದ್ದರೂ ಬಾಗಿಲು ತಟ್ಟುವ ಕೆಲಸ ತಪ್ಪಲಿಲ್ಲ. ಇದನ್ನು ಮಾತ್ರ ತಂಗಿ ಜನವರಿಯಲ್ಲೇ ಶುರು ಮಾಡಿದ್ದಳು. ದಡಾರದ ಲಸಿಕೆ ಎರಡು ಸಲ ಆಗಿದೆ ಅಂತ ದಾಖಲೆ ಕೊಡಬೇಕು. 2020ರಿಂದ ಅಲ್ಲಿ ಕೀಟಾ, ಶಾಲೆ ಎರಡಕ್ಕೂ ಅದು ಕಡ್ಡಾಯ. ನಮ್ಮ ಹತ್ತಿರ ಇದ್ದದ್ದು ಶಿವಮೊಗ್ಗದ ಸರ್ಕಾರಿ ತಾಯಿ ಕಾರ್ಡ್. ಕನ್ನಡದಲ್ಲಿ, ಆಶಾ ಕಾರ್ಯಕರ್ತೆಯ ದುಂಡು ಅಕ್ಷರದಲ್ಲಿ. ಬರ್ಲಿನ್‌ನ ಮಕ್ಕಳ ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ತಂಗಿ ಒಂದೊಂದು ಸಾಲೂ ಓದಿ ಹೇಳಿದಳು. ಅವರು ಅಲ್ಲಿಯ ಹಳದಿ ಪುಸ್ತಕಕ್ಕೆ ತಾರೀಖು ಇಳಿಸಿಕೊಂಡು ಸೀಲು ಹಾಕಿದರು. ಆ ಕಾರ್ಡನ್ನು ಐದು ವರ್ಷ ಜೋಪಾನ ಮಾಡಿದ್ದಕ್ಕೆ ಅಮ್ಮನಿಗೆ ಎಷ್ಟು ಹೆಮ್ಮೆ!

ಕೀಟಾದಲ್ಲಿ ಮಗುವನ್ನು ಒಗ್ಗಿಸುವ ರೀತಿ ನಮಗೆ ಹೊಸದು. ಮೊದಲ ಮೂರು ದಿನ ತಾಯಿಯೂ ಒಳಗೆ ಒಂದು ಮೂಲೆಯಲ್ಲಿ ಕೂರಬೇಕು. ಸುಮಾರು ಒಂದು ಗಂಟೆ ಇದ್ದು ಇಬ್ಬರೂ ಮನೆಗೆ. ನಾಲ್ಕನೇ ದಿನ ತಾಯಿ ಕೆಲವು ನಿಮಿಷ ಹೊರಗೆ ಹೋಗಿ ನೋಡುವುದು. ಮಗು ತಡೆದುಕೊಂಡರೆ ನಿಧಾನವಾಗಿ ಹೊತ್ತು ಹೆಚ್ಚಿಸುವುದು. ಪುಟ್ಟಿಗೆ ಮೂರು ವಾರ ಹಿಡಿಯಿತು. ಅಷ್ಟೂ ದಿನ ತಂಗಿಯ ಬೆಳಗಿನ ಕ್ಲಾಸುಗಳು ತಪ್ಪಿದವು. ಆದರೆ ಅವರಿಬ್ಬರ ನಡುವಿನ ಮುನಿಸು ಕರಗಿದ್ದು ಆ ಮೂಲೆಯಲ್ಲೇ. ಅಜ್ಜಿ ಒಳಗೆ ಬರುವ ಹಾಗಿರಲಿಲ್ಲ. ಗುರುತಿನ ಮುಖ ಅಂದರೆ ಅಮ್ಮ ಒಬ್ಬಳೇ. ಎರಡನೇ ದಿನ ಪುಟ್ಟಿ ಆಟದ ಮಧ್ಯೆ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಬಂದು, ಮುಖ ನೋಡದೆ, ಅಮ್ಮನ ಮಂಡಿಗೆ ಬೆನ್ನು ಆನಿಸಿ ಕೂತಳಂತೆ.

ಕೀಟಾದಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಮನೆಗೆ ಬಂದರೆ ಕನ್ನಡದಲ್ಲಿ ಅರಳು ಹುರಿದ ಹಾಗೆ ಮಾತು. ಅವಳು ಆಡಿದ ಮೊದಲ ಜರ್ಮನ್ ಪದ "ಮೈನ್ಸ್", ಅಂದರೆ ನನ್ನದು. ಯಾರೋ ಅವಳ ಬಕೆಟ್ ಕಿತ್ತುಕೊಂಡಾಗ ಬಂತು.

ಓದು, ಶಾಲೆ, ಕೆಲಸ

ಮಾಸ್ಟರ್ಸ್‌ಗೆ ಒಟ್ಟು 120 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಓದು. ಸೆಮಿಸ್ಟರಿಗೆ 900 ಗಂಟೆವರೆಗೂ ಆಯಿತು. ಮಗು ಬಂದ ಸೆಮಿಸ್ಟರಿನಲ್ಲಿ ತಂಗಿ 18 ಕ್ರೆಡಿಟ್ ಮಾತ್ರ ತೆಗೆದುಕೊಂಡಳು. ನಾಲ್ಕು ಸೆಮಿಸ್ಟರಿನ ಓದು ಐದಕ್ಕೋ ಆರಕ್ಕೋ ಹೋಗುತ್ತದೆ. ಇದನ್ನು ಸೋಲು ಅಂತ ಅವಳು ಅಂದುಕೊಂಡಿಲ್ಲ. ಮೊದಲೇ ಹಣದ ಲೆಕ್ಕ ಆರು ಸೆಮಿಸ್ಟರಿಗೆ ಹಾಕಬೇಕಿತ್ತು ಅನ್ನುತ್ತಾಳೆ.

ಜುಲೈ 20ಕ್ಕೆ ಅಮ್ಮ ವಾಪಸ್ ಬಂದರು. ಆಗಿನಿಂದ ತಾಯಿ ಮಗಳು ಇಬ್ಬರೇ. ಬರ್ಲಿನ್‌ನಲ್ಲಿ ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಅದೇ ವರ್ಷ ಒಂದನೇ ಕ್ಲಾಸಿಗೆ ಸೇರಬೇಕು. ಮೊದಲ ದಿನ ಮಕ್ಕಳ ಕೈಗೆ ದೊಡ್ಡ ಕಾಗದದ ಶಂಕು ಕೊಡುತ್ತಾರೆ. ಶುಲ್‌ಟ್ಯೂಟೆ ಅಂತ ಅದರ ಹೆಸರು. ಒಳಗೆ ಸಿಹಿ, ಪೆನ್ಸಿಲು, ಆಟದ ಸಾಮಾನು. ಅದಕ್ಕಂತಲೇ ಅಪ್ಪ ಹತ್ತು ದಿನದ ರಜೆ ಹಾಕಿ ಹೋಗಿದ್ದರು. ಚೀಲದಲ್ಲಿ ಅಮ್ಮ ಮಾಡಿದ ಕೋಡುಬಳೆ, ಕಡ್ಲೆಮಿಠಾಯಿ. ಫೋಟೋದಲ್ಲಿ ಶಂಕು ಪುಟ್ಟಿಯ ಎದೆ ಮಟ್ಟಕ್ಕಿದೆ. ಬಾಯಲ್ಲಿ ಕೋಡುಬಳೆ ಇದೆ. ಆರನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟ ಉಚಿತ, ಬಸ್ಸು ರೈಲು ಉಚಿತ, ಶಾಲೆ ಬಿಟ್ಟ ಮೇಲೆ ಸಂಜೆವರೆಗೆ ಅಲ್ಲೇ ನೋಡಿಕೊಳ್ಳುವ ವ್ಯವಸ್ಥೆಯೂ ಅವಳ ಕ್ಲಾಸಿಗೆ ಉಚಿತ. ಇದಿಲ್ಲದಿದ್ದರೆ ತಂಗಿ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಸೇರಲು ಸಾಧ್ಯವೇ ಇರಲಿಲ್ಲ.

ಕೆಲಸ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ, ವಾರಕ್ಕೆ ಎರಡು ದಿನ. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು, ಇವಳಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟಾದರೂ ಬಾಡಿಗೆ, ವಿಮೆ ಕಳೆದರೆ ಉಳಿಯುವುದು ಕಡಿಮೆ. ಗಂಡ ಇನ್ನೂ ತಿಂಗಳಿಗೆ 500 ಯೂರೋ ಕಳಿಸುತ್ತಾರೆ, ಬೆಂಗಳೂರಿನ ಮನೆಯ ಇಎಂಐ ಜೊತೆಗೆ. ಆಫೀಸಿನಲ್ಲಿ ಅವಳ ಹತ್ತು ವರ್ಷದ ಅನುಭವಕ್ಕೆ ಬೆಲೆ ಇದೆ, ಭಾಷೆಯೇ ತೊಡಕು. ಕೋರ್ಸು ಇಂಗ್ಲಿಷ್‌ನಲ್ಲಿ, ಸೈಟು ಜರ್ಮನ್‌ನಲ್ಲಿ. ಪುಟ್ಟಿ ಮಲಗಿದ ಮೇಲೆ ಬಿ1 ಪುಸ್ತಕ ತೆಗೆಯುತ್ತಾಳೆ.

ಮುಂದಿನದು ಹೀಗೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅನುಮತಿ ಸಿಗುತ್ತದೆ. ಹೊಸದಾಗಿ ಪದವಿ ಮುಗಿಸಿದವರಿಗೆ ಬ್ಲೂ ಕಾರ್ಡ್, ಅಂದರೆ ಪದವೀಧರರಿಗೆ ಕೊಡುವ ಕೆಲಸದ ಪರವಾನಗಿ, ಸಿಗಬೇಕಾದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 43,759.80 ಯೂರೋ ಸಂಬಳ ಬೇಕು. ಅದು ಪ್ರತಿ ವರ್ಷ ಏರುತ್ತದೆ. ಬ್ಲೂ ಕಾರ್ಡ್ ಬಂದರೆ ಗಂಡ ಮೊದಲೇ ಜರ್ಮನ್ ಪರೀಕ್ಷೆ ಪಾಸು ಮಾಡದೆಯೂ ಬರಬಹುದು. ಪೂರ್ಣ ಕೆಲಸ ಸಿಕ್ಕರೆ ಸರ್ಕಾರಿ ವಿಮೆ, ಅದರಲ್ಲೇ ಮಗುವೂ ಸೇರುತ್ತದೆ. ಇದೆಲ್ಲ ಇನ್ನೂ ಆಗಬೇಕಾದದ್ದು. ಗಂಡನ ಕೆಲಸ ಅಲ್ಲಿ ಏನು, ಬೆಂಗಳೂರಿನ ಮನೆ ಏನು ಮಾಡೋದು, ಯಾವುದೂ ತೀರ್ಮಾನ ಆಗಿಲ್ಲ.

ಕಳೆದ ಭಾನುವಾರ ತಂಗಿ ಫೋನ್ ಮಾಡಿದ್ದಳು. ಶರತ್ಕಾಲದಲ್ಲಿ ಅಲ್ಲಿಯ ಬೀದಿಗಳಲ್ಲಿ ಕಸ್ಟಾನಿಯೆನ್ ಅನ್ನುವ ಕಂದು ಬಣ್ಣದ ಕಾಯಿ ಉದುರುತ್ತವೆ. ನುಣುಪಾಗಿ, ಥೇಟ್ ದೊಡ್ಡ ಹುಣಸೆ ಬೀಜದ ಹಾಗೆ. ಮಕ್ಕಳೆಲ್ಲ ಆರಿಸಿಕೊಳ್ಳುತ್ತಾರೆ. ಪುಟ್ಟಿಯೂ ಒಂದು ಚೀಲ ತುಂಬಾ ತಂದಿಟ್ಟಿದ್ದಾಳೆ. ಜಾಮ್ ಬಾಟಲಿ ಎರಡು ತೊಳೆದು ಕಿಟಕಿ ಕಟ್ಟೆ ಮೇಲೆ ಇಟ್ಟು ಕೇಳಿದಳಂತೆ, "ಅಪ್ಪ ಬರೋಕೆ ಎಷ್ಟು ಹಾಕಲಿ?"

"ಏನಂದೆ?" ಅಂತ ಕೇಳಿದೆ.

"ನಂಗೆ ಗೊತ್ತಿಲ್ಲ ಪುಟ್ಟಿ ಅಂದೆ ಅಕ್ಕಾ. ಟಿಕೆಟ್ ಕೈಗೆ ಬಂದ ದಿನ ಇಬ್ಬರೂ ಕೂತು ಎಣಿಸೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚೀಲ ಮಂಚದ ಕೆಳಗೆ ಇಟ್ಟು, ಬಾಟಲಿ ಅಲ್ಲೇ ಇರಲಿ ಅಂದಳು."